ವಿಯೆನ್ನಾ ನೋಡಿ ಬಂದವರಿಗೆ

ದಸರಾ ರಜೆ ಮುಗಿಯುತ್ತಲೇ ನಮ್ಮ ಬಡಾವಣೆಗಳಲ್ಲಿ ಒಂದು ಕಾಟ ಶುರುವಾಗುತ್ತದೆ. ಅದು ಯೂರೋಪಿಗೆ ಹೋಗಿ ಬಂದವರ ಕಾಟ. ಹಿಂದೆ ಕಾಶಿಗೆ ಹೋಗಿ ಬಂದವರು ಒಂದು ಉದ್ಧರಣೆ ಗಂಗೆಯನ್ನೂ ಸಮಾರಾಧನೆಯ ಊಟವನ್ನೂ ಕೊಟ್ಟು ನಮ್ಮನ್ನು ಬಿಟ್ಟುಬಿಡುತ್ತಿದ್ದರು. ಯೂರೋಪಿಗೆ ಹೋಗಿ ಬಂದವರು ಹಾಗಲ್ಲ. ಒಂದು ಚೂರು ಚಾಕಲೇಟು ಕೈಗಿಟ್ಟು, ಮುನ್ನೂರು ಚಿತ್ರಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸಿ ತೋರಿಸಿ, ಕೊನೆಗೆ ನಿಟ್ಟುಸಿರು ಬಿಟ್ಟು ಹೇಳುತ್ತಾರೆ: "ಏನು ಶಿಸ್ತು ಸ್ವಾಮಿ, ಏನು ಚೊಕ್ಕಟ! ಅದೆಲ್ಲ ರಕ್ತದಲ್ಲಿ ಬರಬೇಕು. ನಮ್ಮ ಜನಕ್ಕೆ ಏಳು ಜನ್ಮ ಎತ್ತಿದರೂ ಬರುವುದಿಲ್ಲ."

ಚಾಕಲೇಟಿನ ಬಗ್ಗೆ ನನಗೆ ತಕರಾರಿಲ್ಲ. ಚಿತ್ರಗಳನ್ನೂ ಸಹಿಸಿಕೊಂಡೇನು. ಆದರೆ ಈ ಕೊನೆಯ ಮಾತಿನ ಮೇಲೆ ನನಗೆ ಜಗಳವಿದೆ. ಅದು ಸುಳ್ಳು. ಬೇಕೆಂದು ಆಡಿದ ಸುಳ್ಳಲ್ಲ. ನೋಡಬೇಕಾದುದನ್ನು ನೋಡದೆ ಬಂದುದರಿಂದ ಹುಟ್ಟಿದ ಸುಳ್ಳು. ನಮ್ಮವರು ಬಾಯ್ತುಂಬ ಹೊಗಳುವ ವಿಯೆನ್ನಾ ನಗರವನ್ನೇ ಸಾಕ್ಷಿಗೆ ಕರೆದು ಇದನ್ನು ತೋರಿಸಬಹುದು. ವಾಸಕ್ಕೆ ಯೋಗ್ಯವಾದ ನಗರಗಳೆಂದು 'ಎಕನಾಮಿಸ್ಟ್' ಬಳಗದವರು ವರ್ಷವರ್ಷವೂ ಹೊರಡಿಸುವ ಪಟ್ಟಿಯಲ್ಲಿ 2022, 2023 ಮತ್ತು 2024ರಲ್ಲಿ ಮೊದಲ ಸ್ಥಾನ ಪಡೆದ ರಾಜಧಾನಿ ಅದು. ಸಾಕ್ಷಿ ಸಾಮಾನ್ಯದ್ದಲ್ಲ.

ಮೊದಲು ಒಪ್ಪಿಕೊಳ್ಳಬೇಕಾದುದನ್ನು ಒಪ್ಪಿಕೊಂಡುಬಿಡುತ್ತೇನೆ. ಸೆಪ್ಟೆಂಬರು ಮುಗಿಯುವ ಹೊತ್ತಿಗೆ ಆ ಊರು ನಿಜಕ್ಕೂ ಚೆನ್ನ. ನಾನೂ ಅದೇ ಹೊತ್ತಿನಲ್ಲಿ ಅಲ್ಲಿಗೆ ಹೋಗಿದ್ದೆ. ಬೇಸಗೆಯ ಬಿಸಿಲು ಹದಕ್ಕೆ ಬಂದಿರುತ್ತದೆ. ಬೆಳಿಗ್ಗೆ ಒಂದು ಸ್ವೆಟರು ಬೇಕು, ಮಧ್ಯಾಹ್ನ ಅದು ತೋಳಿನ ಮೇಲೆ ಬೀಳುತ್ತದೆ. ಪ್ರಾಟರ್ ಉದ್ಯಾನದ ನೀಳವಾದ ಸಾಲುಮರಗಳ ದಾರಿಯಲ್ಲಿ ಚೆಸ್ಟ್‌ನಟ್ ಎಲೆಗಳು ಅಂಚಿನಿಂದ ಕಂದುಬಣ್ಣಕ್ಕೆ ತಿರುಗಿ, ನುಣುಪಾದ ಕಾಯಿಗಳು ಕಾಲಿಗೆ ಸಿಕ್ಕುತ್ತಿರುತ್ತವೆ. ಊರಿನ ಎಲ್ಲೆಯೊಳಗೇ ದ್ರಾಕ್ಷಿಯ ತೋಟಗಳುಂಟು. ಇನ್ನೂ ಹುದುಗುತ್ತಿರುವ ಹೊಸ ದ್ರಾಕ್ಷಾರಸವನ್ನು ಈ ಕೆಲವು ವಾರ ಮಾತ್ರ ಮಾರುತ್ತಾರೆ. ಮಬ್ಬುಮಬ್ಬಾದ ಆ ಪಾನೀಯಕ್ಕೆ 'ಷ್ಟುರ್ಮ್', ಎಂದರೆ ಬಿರುಗಾಳಿ, ಎಂದು ಹೆಸರು. ಊರಂಚಿನ ಹೈಲಿಗೆನ್‌ಷ್ಟಾಟಿನಲ್ಲಿ ಇಂಥದೇ ಋತುವಿನಲ್ಲಿ, 1802ರ ಅಕ್ಟೋಬರಿನಲ್ಲಿ, ಬೀಥೋವನ್ ತನ್ನ ಕಿವುಡಿನ ಸಂಕಟವನ್ನು ತೋಡಿಕೊಂಡು ತಮ್ಮಂದಿರಿಗೆ ಪತ್ರ ಬರೆದ. ಬರೆದು ಕಳುಹಿಸದೆ ಇಟ್ಟುಕೊಂಡ. ಇಂಥ ಊರನ್ನು ನೋಡಬೇಡಿರೆಂದು ಯಾವ ಅರಸಿಕ ಹೇಳಿಯಾನು?

ನನ್ನ ಪ್ರಶ್ನೆ ಬೇರೆ. ಅಲ್ಲಿ ಹೋಗಿ ನೀವು ಏನನ್ನು ನೋಡಿದಿರಿ?

ಪ್ರವಾಸದ ಕಂಪನಿಯವರು ಕೊಡುವ ಕಾರ್ಯಕ್ರಮ ನನಗೆ ಬಾಯಿಪಾಠವಾಗಿದೆ. ಬೆಳಿಗ್ಗೆ ಷೋನ್‌ಬ್ರುನ್ ಅರಮನೆ. ಮಧ್ಯಾಹ್ನ ಭಾರತೀಯ ಊಟ. ಆಮೇಲೆ ಸಂತ ಸ್ಟೀಫನ್ನನ ಇಗರ್ಜಿ, ಹಾಫ್‌ಬುರ್ಗ್ ಅರಮನೆಯ ಮುಂದಿನ ಕುದುರೆಗಾಡಿ, ಒಂದು ತುಂಡು ಕೇಕು, ರಾತ್ರಿ ಬಸ್ಸು. ನಗರದ ಮಧ್ಯೆ ಒಂದು ದೊಡ್ಡ ಬಯಲಿನ ಎದುರಿಗೆ ಅರಮನೆಯ ಹೊಸ ಭಾಗದ ಉಪ್ಪರಿಗೆಯೊಂದಿದೆ. 1938ರ ಮಾರ್ಚ್ 15ರಂದು ಹಿಟ್ಲರ್ ಅಲ್ಲಿ ನಿಂತು ಭಾಷಣ ಮಾಡಿದಾಗ ಆ ಬಯಲು ಕಿಕ್ಕಿರಿದು ಜಯಘೋಷ ಮಾಡಿತ್ತು. ನಾನು ನಿಂತು ನೋಡುತ್ತಿದ್ದಾಗ ನಮ್ಮ ಕಡೆಯವರದೇ ಒಂದು ತಂಡ ಅಲ್ಲಿಗೆ ಬಂದು, ಕುದುರೆಗಳ ಜೊತೆ ಚಿತ್ರ ತೆಗೆಸಿಕೊಂಡು ಹೊರಟುಹೋಯಿತು. ಪ್ರತಿಯೊಬ್ಬರ ಕೈಯಲ್ಲೂ ಕಾಸು ಕೊಟ್ಟು ಕೊಂಡ ನೀರಿನ ಪ್ಲಾಸ್ಟಿಕ್ ಬಾಟಲಿ. ವಿಯೆನ್ನಾದಲ್ಲಿ ನೀರು ಕೊಳ್ಳುವುದೆಂದರೆ ಮಲೆನಾಡಿಗೆ ಹೋಗಿ ಮಳೆ ಕೊಂಡಂತೆ. ಆ ಕಥೆಗೆ ಆಮೇಲೆ ಬರುತ್ತೇನೆ.

ರಕ್ತದಲ್ಲಿ ಬಂದದ್ದು ಎಂದಿರಲ್ಲವೆ? ಹಾಗಾದರೆ ಅವರ ಮುತ್ತಜ್ಜಂದಿರ ಕಾಲಕ್ಕೆ ಹೋಗೋಣ. 1857ರಲ್ಲಿ ಹಳೆಯ ಕೋಟೆಯನ್ನು ಕೆಡವಲು ಅಪ್ಪಣೆಯಾಗಿ, ಆ ಜಾಗದಲ್ಲಿ ಹೊರವರ್ತುಲದ ಭವ್ಯ ಬೀದಿ, ನೀವು ಬಾಯಿ ತೆರೆದು ನೋಡಿದ ಸೌಧಗಳ ಸಾಲು, ಎದ್ದಿತು. ಅದಕ್ಕೆ ಬೇಕಾದ ಇಟ್ಟಿಗೆ ಊರಿನ ದಕ್ಷಿಣದ ಗೂಡುಗಳಿಂದ ಬಂತು. ಇಟ್ಟಿಗೆ ಮಾಡಿದವರು ಬೊಹೀಮಿಯ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಚೆಕ್ ಜನ. ವಿಕ್ಟರ್ ಆಡ್ಲರ್ ಎಂಬ ವೈದ್ಯ 1888ರಲ್ಲಿ ಗುಟ್ಟಾಗಿ ಅಲ್ಲಿಗೆ ಹೊಕ್ಕು ಕಂಡದ್ದನ್ನು ತನ್ನ ಪತ್ರಿಕೆಯಲ್ಲಿ ಬರೆದ. ಕೂಲಿಯನ್ನು ಹಣವಾಗಿ ಕೊಡದೆ ಬಿಲ್ಲೆಗಳಾಗಿ ಕೊಡುತ್ತಿದ್ದರು. ಆ ಬಿಲ್ಲೆ ಗೂಡಿನ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಚಲಾವಣೆಯಾಗದು. ಗಂಡಸರು, ಹೆಂಗಸರು, ಮಕ್ಕಳು ಒಂದೇ ಕೊಟ್ಟಿಗೆಯಲ್ಲಿ ಒತ್ತಾಗಿ ಮಲಗುತ್ತಿದ್ದರು. ಊರೊಳಗಿನ ಬಡವರ ಸ್ಥಿತಿಯೇನೂ ಉತ್ತಮವಾಗಿರಲಿಲ್ಲ. ಮನೆಯಿಲ್ಲದವರು ಮತ್ತೊಬ್ಬರ ಮನೆಯ ಒಂದು ಹಾಸಿಗೆಯನ್ನು ಗಂಟೆಗಳ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತಿದ್ದರು. ರಾತ್ರಿ ಪಾಳಿಯವನು ಬಂದು ಮಲಗಬೇಕಾದರೆ ಹಗಲಿನವನು ಏಳಬೇಕು. ಒಂದು ಅಂತಸ್ತಿಗೆಲ್ಲ ಒಂದೇ ನಲ್ಲಿ. ಕ್ಷಯಕ್ಕೆ 'ವಿಯೆನ್ನಾದ ರೋಗ' ಎಂದೇ ಹೆಸರಾಗಿತ್ತು. 1910ರಲ್ಲಿ ಆ ಊರಿನ ಜನಸಂಖ್ಯೆ ಇಪ್ಪತ್ತು ಲಕ್ಷ ದಾಟಿತ್ತು. ಅಂದೂ ಅವರ ರಕ್ತ ಇದೇ ರಕ್ತ. ಚೊಕ್ಕಟ ಎಲ್ಲಿ ಹೋಗಿತ್ತು?

ಬದಲಾದದ್ದು ರಕ್ತವಲ್ಲ, ನಗರಸಭೆಯ ಲೆಕ್ಕದ ಪುಸ್ತಕ.

ನೀರಿನಿಂದಲೇ ಹಿಡಿಯಿರಿ. ಕಾಲರಾ ಮತ್ತು ವಿಷಮಶೀತಜ್ವರ ಜನರನ್ನು ಕೊಲ್ಲುತ್ತಿದ್ದ ಕಾಲದಲ್ಲಿ, ಎಡುವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ ನಗರಸಭೆಗೆ ಆಯ್ಕೆಯಾಗಿ ಬಂದು, ಆಲ್ಪ್ಸ್ ಪರ್ವತದ ಬುಗ್ಗೆಗಳಿಂದಲೇ ನೀರು ತರಬೇಕೆಂದು ಹಟ ಹಿಡಿದ. ಚಕ್ರವರ್ತಿ ಒಂದು ಬುಗ್ಗೆಯನ್ನು ನಗರಕ್ಕೆ ಬಿಟ್ಟುಕೊಟ್ಟ; ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. ಸುಮಾರು 90 ಕಿಲೋಮೀಟರು ದೂರದಿಂದ, ಪಂಪಿಲ್ಲದೆ, ಬರಿಯ ಇಳಿಜಾರಿನ ಬಲದಿಂದ 1873ರಲ್ಲಿ ಊರಿಗೆ ನೀರು ಹರಿದು ಬಂತು. ಅದು ಸಾಲದೆ 1910ರಲ್ಲಿ ಅದರ ಎರಡರಷ್ಟು ಉದ್ದದ ಎರಡನೆಯ ಕಾಲುವೆ ಬಂತು. ಇಂದಿಗೂ ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆ ಬುಗ್ಗೆಯ ನೀರೇ. ನೀವು ಬಾಟಲಿ ಕೊಂಡದ್ದು ಅದರ ಎದುರಿಗೆ.

ಇನ್ನು ಮನೆಯ ಮಾತು. 1919ರಲ್ಲಿ ಎಲ್ಲರಿಗೂ ಮತ ಬಂದ ಮೇಲೆ ಸೋಷಿಯಲ್ ಡೆಮಾಕ್ರಾಟರು ನಗರಸಭೆ ಹಿಡಿದರು. 1922ರಲ್ಲಿ ವಿಯೆನ್ನಾ ಪ್ರತ್ಯೇಕ ಪ್ರಾಂತವಾಗಿ, ಸ್ವಂತ ತೆರಿಗೆ ಹಾಕುವ ಅಧಿಕಾರ ಪಡೆಯಿತು. ಹಣಕಾಸು ನೋಡಿಕೊಳ್ಳುತ್ತಿದ್ದವನು ಹೂಗೋ ಬ್ರೈಟ್ನರ್. ಹಿಂದೆ ಬ್ಯಾಂಕಿನ ನಿರ್ದೇಶಕನಾಗಿದ್ದವನು. 1923ರಲ್ಲಿ ಅವನು ಗೃಹನಿರ್ಮಾಣದ ತೆರಿಗೆಯೊಂದನ್ನು ಜಾರಿಗೆ ತಂದ. ಸಣ್ಣ ಮನೆಗೆ ಸಣ್ಣ ತೆರಿಗೆ, ಸೌಧಕ್ಕೆ ಅದರ ಎಷ್ಟೋ ಪಟ್ಟು. ಜೂಜಿನ ಕುದುರೆಗೆ, ಮೋಟಾರಿಗೆ, ಶಾಂಪೇನಿಗೆ, ಒಂದಕ್ಕಿಂತ ಹೆಚ್ಚು ಆಳಿಟ್ಟವರ ಮನೆಗೆ ಬೇರೆ ಬೇರೆ ತೆರಿಗೆ. ಆ ದುಡ್ಡಿನಿಂದ 1934ರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳೆದ್ದವು.

ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಷೋನ್‌ಬ್ರುನ್ ಅರಮನೆಯ ಮುಂದೆ ನಿಲ್ಲುವ ಯು-4 ಎಂಬ ಹಸಿರು ಗುರುತಿನ ಮೆಟ್ರೋ, ಅದೇ ಟಿಕೆಟ್ಟಿನಲ್ಲಿ ಅರ್ಧ ಗಂಟೆಯೊಳಗೆ ನಿಮ್ಮನ್ನು ಕೊನೆಯ ನಿಲ್ದಾಣಕ್ಕೆ ಒಯ್ಯುತ್ತದೆ. ಅದೇ ಬೀಥೋವನ್ನನ ಹೈಲಿಗೆನ್‌ಷ್ಟಾಟ್. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಒಂದು ಕಿಲೋಮೀಟರಿಗೂ ಉದ್ದವಾದ, ಕೆಂಪು-ಹಳದಿ ಬಣ್ಣದ, ದೊಡ್ಡ ಕಮಾನುಗಳ ಕಟ್ಟಡ. ಹೆಸರು ಕಾರ್ಲ್ ಮಾರ್ಕ್ಸ್ ಹೋಫ್. ಕಾರ್ಲ್ ಏನ್ ಎಂಬ ವಾಸ್ತುಶಿಲ್ಪಿಯ ರಚನೆ, 1930ರಲ್ಲಿ ಪ್ರಾರಂಭೋತ್ಸವವಾಯಿತು. ಈಗ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಷೋನ್‌ಬ್ರುನ್ನಿನಲ್ಲಿ 1,441 ಕೋಣೆಗಳು. ಒಂದು ರಾಜಮನೆತನ ಮತ್ತು ಅದರ ಊಳಿಗದವರಿಗೆ. ಕಾರ್ಲ್ ಮಾರ್ಕ್ಸ್ ಹೋಫಿನಲ್ಲಿ 1,382 ಮನೆಗಳು. ಸುಮಾರು ಐದು ಸಾವಿರ ಜನಕ್ಕೆ. ಮನೆಗಳು ಚಿಕ್ಕವು, ನಿಜ. ಸ್ನಾನಕ್ಕೆ ಎಲ್ಲರಿಗೂ ಸೇರಿದ ಸ್ನಾನಗೃಹವಿತ್ತು. ಆದರೆ ಪ್ರತಿ ಮನೆಯೊಳಗೂ ನೀರು, ಪ್ರತಿ ಮನೆಯೊಳಗೂ ಕಕ್ಕಸು. ಬಟ್ಟೆ ಒಗೆಯುವ ಶಾಲೆ, ಶಿಶುವಿಹಾರ, ಗ್ರಂಥಾಲಯ, ಔಷಧಾಲಯ. ನಿವೇಶನದ ಸುಮಾರು ಐದನೆಯ ಒಂದು ಭಾಗದಲ್ಲಿ ಮಾತ್ರ ಕಟ್ಟಡ. ಮಿಕ್ಕದ್ದೆಲ್ಲ ತೋಟ ಮತ್ತು ಅಂಗಳ. ನಾನು ಹೋದಾಗ ಆ ಅಂಗಳದಲ್ಲಿ ಒಬ್ಬ ಅಜ್ಜಿ ಬೆಂಚಿನ ಮೇಲೆ ಕುಳಿತು, ಉದುರಿದ ಕಾಯಿಗಳನ್ನು ಆರಿಸುತ್ತಿದ್ದ ಮೊಮ್ಮಗನನ್ನು ಗದರಿಸುತ್ತಿದ್ದಳು. ನಮ್ಮ ಕಡೆಯವರು ಒಬ್ಬರೂ ಕಾಣಲಿಲ್ಲ.

ಆ ಕಾಲದಲ್ಲಿ ಕಟ್ಟಿದ ಇಂಥ ಎಷ್ಟೋ ವಸತಿಗಳ ಗೋಡೆಯ ಮೇಲೆ ದಪ್ಪ ಕೆಂಪಕ್ಷರಗಳಲ್ಲಿ ಬರೆದಿದೆ: ಕಟ್ಟಿದವರು ವಿಯೆನ್ನಾ ನಗರಸಭೆಯವರು, ಇಂಥ ವರ್ಷ, ಗೃಹನಿರ್ಮಾಣ ತೆರಿಗೆಯ ಹಣದಿಂದ. ಮಂತ್ರಿಯ ಹೆಸರಿಲ್ಲ, ಭಾವಚಿತ್ರವಿಲ್ಲ. ದುಡ್ಡು ಎಲ್ಲಿಂದ ಬಂತೆಂಬುದನ್ನು ಗೋಡೆಯೇ ಹೇಳುತ್ತದೆ.

ಇದು ಸುಖವಾಗಿ ನಡೆದುಹೋದ ಕೆಲಸವೆಂದು ತಿಳಿಯಬೇಡಿ. 1934ರ ಫೆಬ್ರವರಿಯಲ್ಲಿ ಡಾಲ್ಫಸ್ಸನ ಸರ್ಕಾರ ಜನ ವಾಸವಾಗಿದ್ದ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ಕಟ್ಟಡದ ಹೆಸರನ್ನೂ ಅಳಿಸಿದರು. ಅದು ಮರಳಿದ್ದು 1945ರಲ್ಲಿ. 1938ರಲ್ಲಿ ನಾತ್ಸಿಗಳು ನಗರಸಭೆಯ ಮನೆಗಳಿಂದ ಯೆಹೂದ್ಯರನ್ನು ಹೊರಗೆ ಹಾಕಿದರು. ತೆರಿಗೆ ಹಾಕಿದ ಬ್ರೈಟ್ನರ್ ತಾನೂ ಯೆಹೂದ್ಯನಾಗಿದ್ದು, ಪರದೇಶದಲ್ಲಿ, ಕ್ಯಾಲಿಫೋರ್ನಿಯದಲ್ಲಿ, 1946ರಲ್ಲಿ ತೀರಿಕೊಂಡ. ಶಿಸ್ತು ರಕ್ತದಲ್ಲಿ ಬರುತ್ತದೆ ಎನ್ನುವ ವಾದ ಆ ಊರಿಗೆ ಹೊಸದಲ್ಲ. ಅದರ ಫಲವನ್ನು ಅದು ಉಂಡಿದೆ. ಆದ್ದರಿಂದಲೇ ಆ ಮಾತನ್ನು ಅಲ್ಲಿಂದ ನಮ್ಮೂರಿಗೆ ಹೊತ್ತು ತರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಅವರು ಶ್ರೀಮಂತರು, ನಮಗೆ ಎಲ್ಲಿಂದ ಬರಬೇಕು?" ಎಂದು ಕೇಳುವವರುಂಟು. 1922ರಲ್ಲಿ ಆಸ್ಟ್ರಿಯ ಯುದ್ಧದಲ್ಲಿ ಸೋತು, ಸಾಮ್ರಾಜ್ಯ ಕಳೆದುಕೊಂಡು, ನಾಣ್ಯ ಕಾಗದವಾಗಿ, ರಾಷ್ಟ್ರಗಳ ಸಂಘದ ಆಶ್ರಯದಲ್ಲಿ ಸಾಲ ಎತ್ತಿ ಬದುಕಿದ ದೇಶ. ಮರುವರ್ಷವೇ ಮನೆಯ ತೆರಿಗೆ ಬಂತು. "ಇದು ಒಂದು ಪಕ್ಷದ ಪ್ರಚಾರ" ಎಂದು ಮತ್ತೊಬ್ಬರು ಹೇಳಿಯಾರು. ನೀರಿನ ಮೊದಲ ಕಾಲುವೆ ತಂದವರು ಉದಾರವಾದಿಗಳು. ಅನಿಲ, ವಿದ್ಯುತ್ತು, ಟ್ರಾಮುಗಳನ್ನು ಖಾಸಗಿಯವರಿಂದ ನಗರದ ಕೈಗೆ ತಂದವನು ಕ್ರಿಶ್ಚಿಯನ್ ಸೋಷಿಯಲ್ ಪಕ್ಷದ ಮೇಯರು ಲೂಯೆಗರ್. ಯೆಹೂದ್ಯದ್ವೇಷವನ್ನು ಬಿತ್ತಿ ಮತ ಬೆಳೆದ ಮನುಷ್ಯ. ಅವನನ್ನು ನಾನು ಹೊಗಳಲಾರೆ. ಮನೆ ಕಟ್ಟಿದವರು ಸೋಷಿಯಲ್ ಡೆಮಾಕ್ರಾಟರು. ಪರಸ್ಪರ ಮುಖ ನೋಡದ ಮೂರು ಪಕ್ಷದವರೂ ಊರಿನ ಸೊತ್ತು ಊರಿನದು ಎಂಬ ಒಂದೇ ಅಂಶದಲ್ಲಿ ಒಂದಾಗಿದ್ದರು. ಅಲ್ಲಿ ಎಲ್ಲ ಸರಿಯಾಗಿದೆಯೆಂದೂ ನಾನು ಹೇಳುತ್ತಿಲ್ಲ. ನಗರಸಭೆಯ ಮನೆಗೆ ಕಾಯಬೇಕು, ಹೊಸಬರಿಗೆ ನಿಯಮಗಳ ತೊಡಕಿದೆ. ಆದರೂ ಇಂದು ಆ ಊರಿನ ಅರ್ಧದಷ್ಟು ಜನ ನಗರಸಭೆಯ ಅಥವಾ ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲಿದ್ದಾರೆ.

ಇನ್ನು ನಮ್ಮ ಜನಕ್ಕೆ ಬರುವುದಿಲ್ಲ ಎಂಬ ಮಾತು. ಬೆಂಗಳೂರಿನಲ್ಲಿ 1898ರಲ್ಲಿ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿಗಳನ್ನು ಗೆರೆ ಎಳೆದು ನಿರ್ಮಿಸಿದವರು ಯಾವ ರಕ್ತದವರು? ವಿಯೆನ್ನಾದ ನೀರು ಬೆಟ್ಟದಿಂದ ಇಳಿದು ಬರುತ್ತದೆ. ಬೆಂಗಳೂರಿನ ಕಾವೇರಿ ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು 500 ಮೀಟರು ಏರಿ ಬರುತ್ತದೆ. 1974ರಿಂದ ಆ ಕೆಲಸ ನಡೆದಿದೆ. ಅವರದಕ್ಕಿಂತ ಇದು ಕಷ್ಟದ ಕೆಲಸ. ನಮಗೆ ಬಾರದಿರುವುದು ವಿದ್ಯೆಯೂ ಅಲ್ಲ, ಶಿಸ್ತೂ ಅಲ್ಲ.

ಮತ್ತೇನು? ಈ ಪ್ರಶ್ನೆಗೆ ಉತ್ತರ ಆ ಚಾಕಲೇಟು ಹಂಚಿದ ಕೈಯಲ್ಲೇ ಇದೆ. ಶಿಸ್ತಿನ ವಿಯೆನ್ನಾವನ್ನು ಹೊಗಳುವ ಮಹನೀಯರೇ ಮನೆಯ ಅಳತೆಯನ್ನು ಕಮ್ಮಿ ತೋರಿಸಿ ಕಂದಾಯ ಉಳಿಸುತ್ತಾರೆ. ಮೂರನೆಯ ಸೈಟು ಕೊಂಡು ಅದರಲ್ಲಿ ಕಳೆ ಬೆಳೆಸುತ್ತಾರೆ. ಬಾಡಿಗೆಗೆ ಬಂದವನಿಂದ ಹತ್ತು ತಿಂಗಳ ಮುಂಗಡ ಎಣಿಸಿಕೊಂಡು, ಅವನ ಜಾತಿಯನ್ನೂ ಅಡಿಗೆಯನ್ನೂ ವಿಚಾರಿಸುತ್ತಾರೆ. ಪೌರಕಾರ್ಮಿಕರ ವಸತಿ ತಮ್ಮ ಬೀದಿಯ ಹತ್ತಿರ ಬರುತ್ತದೆಂದರೆ ಸಹಿ ಸಂಗ್ರಹಕ್ಕೆ ಹೊರಡುತ್ತಾರೆ. ನಮ್ಮ ಜನ ಯೋಗ್ಯರಲ್ಲ ಎಂದು ಒಮ್ಮೆ ತೀರ್ಮಾನಿಸಿಬಿಟ್ಟರೆ ಇದೆಲ್ಲಕ್ಕೂ ಸಮಾಧಾನ ಸಿಕ್ಕಿಬಿಡುತ್ತದೆ. ಕಂದಾಯ ಕಟ್ಟುವುದು ಕಷ್ಟ. ರಕ್ತವನ್ನು ದೂರುವುದು ಸುಲಭ, ಅದಕ್ಕೆ ರಸೀದಿ ಬೇಡ.

ಮುಂದಿನ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೊರಡುವವರಿಗೆ ನನ್ನ ವಿನಂತಿ ಇಷ್ಟೇ. ಅರಮನೆ ನೋಡಿ, ಬೇಡವೆನ್ನುವುದಿಲ್ಲ. ಆಮೇಲೆ ಅದೇ ಗಾಡಿ ಹತ್ತಿ ಕೊನೆಯ ನಿಲ್ದಾಣಕ್ಕೆ ಹೋಗಿ. ಅಂಗಳದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತಿರಿ. ನಲ್ಲಿಯ ನೀರು ಕುಡಿಯಿರಿ, ಅದಕ್ಕೆ ಕಾಸಿಲ್ಲ. ಅಂಥ ಗೋಡೆಯೊಂದರ ಮೇಲಿನ ಕೆಂಪಕ್ಷರಗಳ ಚಿತ್ರ ತೆಗೆದುಕೊಂಡು ಬಂದು ನಮಗೆ ತೋರಿಸಿ. ಮುನ್ನೂರು ಬೇಡ, ಅದೊಂದೇ ಸಾಕು. ಅಂಥವರು ಬಂದರೆ ಚಾಕಲೇಟು ಇಲ್ಲದಿದ್ದರೂ ನಾನೇ ಕಾಫಿ ಕೊಟ್ಟು ಕೂರಿಸಿಕೊಳ್ಳುತ್ತೇನೆ.