ಆ ಒಂದು ಗಂಟೆ ಯಾರ ಅಂಗಡಿಗೆ?

ನವ ಮಂಗಳೂರು ಬಂದರಿಗೆ ವಿಹಾರನೌಕೆ ಬಂದರೆ ಎಲ್ಲವೂ ಗಡಿಯಾರದ ಲೆಕ್ಕ. ಬೆಳಿಗ್ಗೆ ಪಣಂಬೂರಿನಲ್ಲಿ ಇಳಿದವರು ಸಂಜೆ ಹಡಗು ಬಿಡುವ ಮುಂಚೆ ಹಿಂತಿರುಗಬೇಕು. ಅಷ್ಟರೊಳಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯೋ ಪಿಲಿಕುಳವೋ, ಕುದ್ರೋಳಿ ದೇವಸ್ಥಾನ, ಒಂದು ಗೋಡಂಬಿ ಕಾರ್ಖಾನೆ, ಮಾರುಕಟ್ಟೆ. ಕೋವಿಡ್‌ಗೆ ನಿಂತಿದ್ದ ಈ ಓಡಾಟ 2022ರ ನವೆಂಬರ್‌ನಲ್ಲಿ ಯುರೋಪಾ-2 ಬಂದಮೇಲೆ ಮತ್ತೆ ಶುರುವಾಗಿದೆ. ಯಾವ ಅಂಗಡಿಯ ಮುಂದೆ ಗಾಡಿ ನಿಲ್ಲಬೇಕೆಂದು ತೀರ್ಮಾನಿಸುವವನು ಪಟ್ಟಿ ಬರೆಯುವವನು. ಪ್ರವಾಸಿ ಅಲ್ಲ, ಊರೂ ಅಲ್ಲ.

ಅಲ್ಲಿ ಕೆಲವು ಸೀಸನ್ ಗಾಡಿ ಓಡಿಸಿ, ಈಗ ಹೆಬ್ಬಗೋಡಿಯಲ್ಲಿ ಟೆಂಪೊ ಟ್ರಾವೆಲರ್ ಇಟ್ಟುಕೊಂಡಿದ್ದೇನೆ. ಎಲೆಕ್ಟ್ರಾನಿಕ್ ಸಿಟಿ ಕಂಪನಿಗಳ ಟೀಮ್ ಔಟಿಂಗೇ ನನಗೆ ಅನ್ನ. ಸಮುದ್ರವೊಂದು ಇಲ್ಲ, ಉಳಿದದ್ದೆಲ್ಲ ಅದೇ. ಬೆಳಿಗ್ಗೆ ಗೇಟಿನಲ್ಲಿ ಹತ್ತಿಸಿಕೊಂಡವರನ್ನು ರಾತ್ರಿ ಅದೇ ಗೇಟಿನಲ್ಲಿ ಇಳಿಸಬೇಕು. ನಡುವೆ ಒಂದು ಬೆಟ್ಟ, ಒಂದು ಜಲಪಾತ, ಒಂದು ‘ಶಾಪಿಂಗ್’.

ನೈಸ್ ರಸ್ತೆ ಹಿಡಿದು ಮೊದಲು ರಾಮನಗರದ ರಾಮದೇವರ ಬೆಟ್ಟ. ‘ಶೋಲೆ’ ಬಂಡೆಗಳ ಮುಂದೆ ಫೋಟೊ. 2012ರಲ್ಲಿ ಇದು ರಣಹದ್ದು ವನ್ಯಧಾಮವಾಯಿತು, ಬಂಡೆಯ ಸಂದಿಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ, ಗದ್ದಲ ಬೇಡ ಎಂದರೆ ಸ್ಪೀಕರ್ ಸದ್ದು ಕೊಂಚ ಇಳಿಯುತ್ತದೆ, ಅಷ್ಟೆ. ಆಮೇಲೆ ಮದ್ದೂರು, ಮಳವಳ್ಳಿ ದಾಟಿ ಶಿವನಸಮುದ್ರ. ಬೇಸಿಗೆಯಲ್ಲಿ ಹೋದರೆ ನೀರಿಗಿಂತ ಬಂಡೆಯೇ ಹೆಚ್ಚು.

ನನ್ನ ತಕರಾರು ಇವೆರಡರ ನಡುವೆ ಬರುವ ಚನ್ನಪಟ್ಟಣದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಊರಿನ ಆಚೆಯಿಂದ ಹಾದುಹೋಗುತ್ತದೆ. ಬೊಂಬೆ ಅಂಗಡಿಗಳು ಹಳೇ ರಸ್ತೆಯಲ್ಲಿ ಉಳಿದವು. ಈಗಿನ ‘ಶಾಪಿಂಗ್’ ಎಂದರೆ ಊಟಕ್ಕೆ ನಿಲ್ಲಿಸುವ ಹೋಟೆಲಿನ ಪಕ್ಕದ ಮಳಿಗೆ. ಅಲ್ಲಿ ಡ್ರೈವರ್‌ಗೆ ಊಟ ಬಿಟ್ಟಿ, ಪಾರ್ಟಿಯ ಬಿಲ್ಲಿನ ಮೇಲೆ ಕಮಿಷನ್. ಇದನ್ನು ಬರೆದದ್ದಕ್ಕೆ ಸ್ಟ್ಯಾಂಡಿನ ಗೆಳೆಯರು ಬೈಯುತ್ತಾರೆ, ಬೈಯಲಿ.

ಊರೊಳಗೆ ಹೋದರೆ ಸಿಗುವುದು ಬರೀ ಬೊಂಬೆಯಲ್ಲ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಗರಗರ ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿ ಹಿಡಿದರೆ ಹೊಳಪು. ಬ್ರಷ್ಷೇ ಬೇಡ. ಪೀಣ್ಯದ ಕಾರ್ಖಾನೆಯೊಂದರ ಹುಡುಗರನ್ನು ಅಲ್ಲಿಗೆ ಕರೆದೊಯ್ದಿದ್ದೆ. ದಿನವಿಡೀ ಸಿಎನ್‌ಸಿ ಮೆಷಿನ್ ಮುಂದೆ ನಿಲ್ಲುವವರು ಆ ಲೇತಿನ ಮುಂದಿನಿಂದ ಕದಲಲಿಲ್ಲ. ಉಳಿ ಹೇಗೆ ಹಿಡಿಯುತ್ತೀರಿ, ಸುತ್ತಿನ ವೇಗ ಎಷ್ಟು ಎಂದು ಕೆಲಸಗಾರನ ತಲೆ ತಿಂದರು. ಹೊತ್ತಾಗಿ ಶಿವನಸಮುದ್ರ ತಪ್ಪಿಹೋಯಿತು. ಯಾರೂ ಅದರ ಸುದ್ದಿ ಎತ್ತಲಿಲ್ಲ. ಪ್ರತಿಯೊಬ್ಬನ ಕೈಯಲ್ಲೂ ಒಂದು ಪೊಟ್ಟಣವಿತ್ತು, ದುಡ್ಡು ನೇರ ಬೊಂಬೆ ಮಾಡಿದವನ ಕೈಗೆ ಹೋಗಿತ್ತು.

ಟ್ರಿಪ್ ಪಟ್ಟಿ ಬರೆಯುವ ಅಡ್ಮಿನ್ ವಿಭಾಗದವರೇ, ‘ಶಾಪಿಂಗ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ‘ಚನ್ನಪಟ್ಟಣ, ಊರೊಳಗೆ, ಒಂದು ಗಂಟೆ’ ಎಂದು ಬರೆಯಿರಿ. ಬಾಡಿಗೆ ಮಾತಾಡುವಾಗಲೇ ಡ್ರೈವರ್ ಬಾಟಾಕ್ಕೆ ಇನ್ನೂರು ರೂಪಾಯಿ ಸೇರಿಸಿ. ಆಮೇಲೂ ಅವನು ಕಮಿಷನ್ ಅಂಗಡಿಗೆ ತಿರುಗಿಸಿದರೆ ಮುಂದಿನ ಬಾಡಿಗೆ ಬೇರೆಯವರಿಗೆ ಕೊಡಿ.