ಪಂಪ್ ಬದಲಿಸೋ ಮುಂಚೆ ಪೈಪ್ ನೋಡ್ರಪ್ಪಾ...

ಹಳೇ ಕಾರು ರಸ್ತೆಯಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳೋದು ಫ್ಯೂಯಲ್ ಪಂಪು. "ಪಂಪ್ ವೀಕಾಗಿದೆ, ಎಲೆಕ್ಟ್ರಿಕ್ ಪಂಪ್ ಹಾಕಿಸಿಬಿಡಿ ಸಾರ್, ತಲೆನೋವೇ ಇರಲ್ಲ" ಅನ್ನೋ ಸಲಹೆ ಪುಕ್ಕಟೆಯಾಗಿ ಸಿಗುತ್ತೆ. ಈ ಸಲಹೆ ಬಹಳಷ್ಟು ಸಲ ತಪ್ಪು, ಕೆಲವು ಸಲ ಅಪಾಯ ಕೂಡ ಅನ್ನೋದು ನನ್ನ ಅಭಿಪ್ರಾಯ.

ನಮ್ಮೂರು ಹಾಸನ ತಾಲ್ಲೂಕಿನ ದುದ್ದ. ಅಲ್ಲಿನ ಯಾವ ರೈತನಿಗೂ ಈ ವಿಷಯ ಹೇಳಿಕೊಡಬೇಕಾಗಿಲ್ಲ. ಬಾವಿ ಮೇಲಿನ ಮೋಟರ್ ಓಡ್ತಾ ಇದೆ, ನೀರು ಮಾತ್ರ ಬರ್ತಿಲ್ಲ ಅಂದರೆ ಯಾರೂ ಸೀದಾ ಹಾಸನಕ್ಕೆ ಹೋಗಿ ದೊಡ್ಡ ಮೋಟರ್ ತರಲ್ಲ. ಫುಟ್‌ವಾಲ್ ನೋಡ್ತಾರೆ, ಜಾಯಿಂಟ್ ನೋಡ್ತಾರೆ, ಎಲ್ಲಿ ಏರ್ ಹಿಡೀತಿದೆ ಅಂತ ಹುಡುಕ್ತಾರೆ. ಅದೇ ಜನ ಕಾರಿನ ಬಾನೆಟ್ ಎತ್ತಿದ ಕೂಡಲೇ ಇದೆಲ್ಲ ಮರೆತುಬಿಡ್ತಾರಲ್ಲ, ಯಾಕೆ?

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಅದರ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಎಂಜಿನ್ ಪಕ್ಕದಲ್ಲಿ. ಎಂಜಿನ್ ತಿರುಗಿದಾಗ ಒಳಗಿನ ಡಯಾಫ್ರಮ್ ಮೇಲೆ ಕೆಳಗೆ ಆಡಿ, ಅಷ್ಟು ದೂರದಿಂದ ಪೆಟ್ರೋಲ್ ಹೀರಿಕೊಂಡು ಕಾರ್ಬುರೇಟರಿಗೆ ತಳ್ಳುತ್ತೆ. ಅಂದರೆ ಟ್ಯಾಂಕಿನಿಂದ ಪಂಪಿನವರೆಗೆ ಇರೋದೆಲ್ಲ ಹೀರುವ ಪೈಪು. ಹಳೇ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿ ಪೆಟ್ರೋಲ್ ತೊಟ್ಟಿಕ್ಕದೇ ಇರಬಹುದು. ಬದಲಿಗೆ ಗಾಳಿ ಒಳಗೆ ಹೋಗುತ್ತೆ. ಲೀಕ್ ಕಣ್ಣಿಗೆ ಕಾಣಲ್ಲ, ಅಪವಾದ ಪಂಪಿನ ಮೇಲೆ! ದೊಡ್ಡಪ್ಪನಿಗೆ ಇದನ್ನು ವಿವರಿಸಿದಾಗ ಅವರು ಒಂದೇ ಮಾತಲ್ಲಿ ಮುಗಿಸಿದರು: "ಫುಟ್‌ವಾಲ್ ಏರ್ ಹಿಡ್ದಂಗೆ ಅನ್ನಪ್ಪ." ನನ್ನ ನಾಲ್ಕು ವರ್ಷದ ಇಂಜಿನಿಯರಿಂಗ್ ಓದು ಅಲ್ಲಿಗೆ ಸಾರ್ಥಕ :-)

ಈಗ ಸ್ವಲ್ಪ ಲೆಕ್ಕ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಶಕ್ತಿ ಸುಮಾರು 40 ಎಚ್‌ಪಿ. ಪೂರ್ತಿ ಆಕ್ಸಿಲರೇಟರ್ ತುಳಿದು ಓಡಿಸಿದರೂ ಅದು ಕುಡಿಯೋದು ಗಂಟೆಗೆ ಹೆಚ್ಚುಕಮ್ಮಿ 12 ಲೀಟರ್, ಅಂದರೆ ನಿಮಿಷಕ್ಕೆ 200 ಎಂಎಲ್. ಒಂದು ಲೋಟ! ಇದಕ್ಕೆ 6 ಮಿಲಿಮೀಟರ್ ಒಳಅಳತೆಯ ಪೈಪ್ ಧಾರಾಳವಾಗಿ ಸಾಕು. ಆದರೆ ತುಕ್ಕು, ಕಸ ಸೇರಿ ಅದೇ ಪೈಪಿನ ಒಳಅಳತೆ ಅರ್ಧಕ್ಕಿಳಿದರೆ, ಅಷ್ಟೇ ಪೆಟ್ರೋಲ್ ಹರಿಸೋಕೆ ಸುಮಾರು 16 ಪಟ್ಟು ಒತ್ತಡ ಬೇಕು. ನೆಟ್ ಕೇಬಲ್ ಕಟ್ಟಾಗಿರುವಾಗ ಕಂಪ್ಯೂಟರಿಗೆ ಹೊಸ ರ‍್ಯಾಮ್ ಹಾಕಿದರೆ ಏನು ಪ್ರಯೋಜನ?

ಅಪಾಯ ಇರೋದು ಇನ್ನೊಂದು ಕಡೆ. ಇಂತಹ ಕಾರ್ಬುರೇಟರ್ ನಿರೀಕ್ಷಿಸೋದು 3 ಪಿಎಸ್‌ಐ ಆಸುಪಾಸಿನ ಒತ್ತಡ. ಇಂಜೆಕ್ಷನ್ ಕಾರುಗಳ ಪಂಪ್ 40 ಪಿಎಸ್‌ಐಗೂ ಹೆಚ್ಚು ಕೊಡುತ್ತೆ. ಗುಜರಿಯಿಂದ ತಂದ ಅಂಥ ಪಂಪನ್ನು ಹಳೇ ಕಾರಿಗೆ ಕೂರಿಸಿದರೆ, ಫ್ಲೋಟ್ ಮೇಲಿನ ಪುಟ್ಟ ನೀಡಲ್ ವಾಲ್ವ್ ಅದನ್ನು ತಡೆಯಲಾರದು. ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತೆ. ಮುಂದಿನದನ್ನು ನಾನು ಹೇಳಬೇಕಿಲ್ಲ.

ಜೊತೆಗೆ ಈಗ ಎಥೆನಾಲ್ ಬಂದಿದೆ. 20% ಎಥೆನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2025ರ ಹೊತ್ತಿಗೆ ಬಹುತೇಕ ಎಲ್ಲ ಬಂಕುಗಳಿಗೂ ಬಂತು. 1970-80ರ ದಶಕದ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಪೈಪು, ಡಯಾಫ್ರಮ್ ಎರಡೂ ಉಬ್ಬುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಬಿರಿಯುತ್ತವೆ. ಟ್ಯಾಂಕಿನ ಹಳೇ ತುಕ್ಕು, ಜಿಡ್ಡು ಕಿತ್ತು ಬಂದು ಫಿಲ್ಟರ್ ಕಟ್ಟಿಕೊಳ್ಳುತ್ತೆ. ಹಾಗಾಗಿ ಪಂಪ್ ಒಂದನ್ನೇ ಹೊಸದು ಮಾಡಿ ಪೈಪ್ ಹಳೇದೇ ಬಿಟ್ಟರೆ ಕೆಲಸ ಅರ್ಧ ಮಾಡಿದ ಹಾಗೆ.

ನಾನು ಹೇಳೋ ಕ್ರಮ ಇಷ್ಟೇ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಗಾಳಿ ಆಡೋ ತೂತು ಮುಚ್ಚಿದ್ದರೂ ಕಾರು ಹತ್ತು ಕಿಲೋಮೀಟರ್ ಓಡಿ ನಿಲ್ಲುತ್ತೆ. ಆಮೇಲೆ ಫಿಲ್ಟರ್. ಆಮೇಲೆ ಎಲ್ಲ ರಬ್ಬರ್ ಪೈಪುಗಳನ್ನೂ ಒಟ್ಟಿಗೆ ಬದಲಿಸಿ. ಎಥೆನಾಲ್ ತಡೆಯುವಂಥದ್ದು, ಎಸ್‌ಎಇ ಜೆ30 ಆರ್9 ಅಂತ ಮುದ್ರಿಸಿರೋದು ಕೇಳಿ ತನ್ನಿ. ನಿಪ್ಪಲ್ ಎಷ್ಟು ಮಿಲಿಮೀಟರೋ ಪೈಪೂ ಅಷ್ಟೇ ಇರಲಿ. "ದಪ್ಪ ಇದ್ದರೆ ಒಳ್ಳೇದು" ಅಂತ 8ರ ಪೈಪನ್ನು 6ರ ನಿಪ್ಪಲ್ಲಿಗೆ ಕ್ಲಿಪ್ ಬಿಗಿದು ಕೂರಿಸೋದು ಬೇಡ. ಕೊನೆಗೆ ಪಂಪಿಗೆ ಹೊಸ ಡಯಾಫ್ರಮ್.

ಇಷ್ಟಾದ ಮೇಲೂ ಏಪ್ರಿಲ್ ಬಿಸಿಲಲ್ಲಿ ಶಿರಾಡಿ ಘಾಟಿ ಹತ್ತುವಾಗ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಿಲ್ಲುತ್ತಾ? ಆಗ ಎಲೆಕ್ಟ್ರಿಕ್ ಪಂಪ್ ಹಾಕಿಸಿ, ನನ್ನ ತಕರಾರಿಲ್ಲ. ಆದರೆ ಕಾರ್ಬುರೇಟರಿಗೆ ಅಂತಲೇ ಇರೋ ಕಡಿಮೆ ಒತ್ತಡದ್ದು ಹಾಕಿಸಿ. ಅದು ಟ್ಯಾಂಕ್ ಪಕ್ಕದಲ್ಲಿ, ತಗ್ಗಿನಲ್ಲಿರಲಿ. ಪಂಪು ತಳ್ಳೋದರಲ್ಲಿ ಗಟ್ಟಿ, ಹೀರೋದರಲ್ಲಿ ಸೋಮಾರಿ. ಎಂಜಿನ್ ನಿಂತರೆ ಪಂಪೂ ನಿಲ್ಲುವಂಥ ಸ್ವಿಚ್ ಕಡ್ಡಾಯ. ಇಲ್ಲದಿದ್ದರೆ ಅಪಘಾತವಾಗಿ ಪೈಪ್ ಕಿತ್ತರೂ ಅದು ಪೆಟ್ರೋಲ್ ಸುರೀತಾನೇ ಇರುತ್ತೆ.

ಇದೆಲ್ಲ ಒಂದು ಹಳೇ ಡಬ್ಬಕ್ಕೆ ಬೇಕಾ ಅಂತ ಕೇಳಬಹುದು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕದ ಮೇಲಾಯ್ತು, 2014ರಲ್ಲಿ ಅಂಬಾಸಿಡರ್ ಕೂಡ ನಿಂತಿತು. ಉಳಿದಿರುವ ಒಂದೊಂದು ಕಾರೂ ಗುಜರಿಗೆ ಹೋಗೋದು "ಇದು ನಂಬಿಕೆಗಲ್ಲ" ಅನ್ನೋ ಬೇಸರದಿಂದ. ಆ ಬೇಸರಕ್ಕೆ ಕಾರಣ ಎಷ್ಟೋ ಸಲ ಎರಡು ಮೀಟರ್ ರಬ್ಬರ್ ಪೈಪು. ಅದೂ ಅಲ್ಲದೆ ಆ ಪೆಟ್ರೋಲ್ ಪೈಪು ಓಡೋದು ಮನೆಮಂದಿ ಕೂತಿರೋ ಸೀಟಿನ ಕೆಳಗೇ ತಾನೇ?

ನಿಮ್ಮ ಮನೆಯಲ್ಲೂ ಹಳೇ ಕಾರಿದ್ದರೆ ಈ ಭಾನುವಾರ ಬಾನೆಟ್ ಎತ್ತಿ, ಪೈಪನ್ನೊಮ್ಮೆ ಬೆರಳಲ್ಲಿ ಅದುಮಿ ನೋಡಿ. ಅಂಟಂಟಾಗಿದ್ದರೆ, ಇಲ್ಲಾ ಬಿರಿದಿದ್ದರೆ ಮುಂದೇನು ಮಾಡಬೇಕು ಅಂತ ನಿಮಗೇ ಗೊತ್ತು. ಏನಂತೀರಿ?