ಹಿಂದ ಕೂತಾಕಿ ಯಾರ ಲೆಕ್ಕದಾಗ?

"ಕಾರ್ ತೊಗೊಳ್ಳಿಕ್ಕೆ ರೊಕ್ಕ ಇರ್ತದ, ಇನ್ಶೂರನ್ಸ್ ತುಂಬಲಿಕ್ಕೆ ಮಾತ್ರ ಇರಂಗಿಲ್ಲೇನು?" ಈ ಮಾತು ನಮ್ಮ ಓಣಿಯೊಳಗ, ನಮ್ಮ ಮಂದಿಯೊಳಗ ಭಾಳ ಸಲ ಕೇಳೇನಿ. ಆಡೋರು ಕೆಟ್ಟವರಲ್ಲ, ಆದ್ರ ಮಾತು ತಪ್ಪದ. ಯಾಕ ತಪ್ಪು ಅಂತ ಇವತ್ತ ಬಿಡಿಸಿ ಹೇಳ್ತೀನಿ. ವೈನಿ, ಮೌಶಿ, ಬಾಜೂ ಮನಿ ಅಕ್ಕಾರ, ಇದು ಗಂಡಸರು ನೋಡೋ ಕಾಗದ ಅಂತ ಬಿಡಬ್ಯಾಡ್ರಿ. ಕಡೀಕ ಇದು ನಮ್ಮ ತಲಿಮ್ಯಾಲೇ ಬರ್ತದ.

ಮೊದಲನೇದ್ದು, ಕಾರ್ ಅಂದ್ರ ಶ್ರೀಮಂತಿಕಿ ಅನ್ನೋ ಕಾಲ ಹೋತು. ವಯಸ್ಸಾದ ತಾಯೀನ ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಕರಕೊಂಡು ಹೋಗಬೇಕಂತ ಹಳೇ ಮಾರುತಿ 800 ತೊಗೊಂಡವರು ಇದ್ದಾರ. ಬಸ್ಸಿಲ್ಲದ ಹಳ್ಳಿಯಿಂದ ಬೆಳಕು ಹರಿಯೋದ್ರಾಗ ಕೆಲಸಕ್ಕ ಬರೋರು ಇದ್ದಾರ. ಅವರಿಗೆ ಗಾಡಿ ಶೋಕಿ ಅಲ್ಲ, ಅದಿಲ್ಲದ ದಿನಾ ಸಾಗಂಗಿಲ್ಲ.

ಇನ್ನ ಕಾಯ್ದೆ ನೋಡ್ರಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ವಿಮಾ ಇಲ್ಲದ ಗಾಡಿ ರಸ್ತೆಕ್ಕ ಇಳಸಂಗಿಲ್ಲ. ಇದು ಒಳ್ಳೆ ಕಾಯ್ದೆ. ನಮ್ಮ ಗಾಡಿ ಬಡದು ಇನ್ನೊಬ್ಬರ ಕಾಲು ಮುರಿದ್ರ, ಜೀವ ಹೋದ್ರ, ಅವರ ಮನಿಗೆ ಪರಿಹಾರ ಸಿಗಲಿ ಅಂತ ಮಾಡಿದ್ದು. ಇದರ ದರಾನೂ ಕಂಪನಿಗೋಳು ಮನಸ್ಸಿಗೆ ಬಂದಂಗ ಹಚ್ಚಂಗಿಲ್ಲ, ಸರಕಾರನ ಗೊತ್ತು ಮಾಡ್ತದ. 2022ರ ಜೂನ್ 1ಕ್ಕ ಜಾರಿಗೆ ಬಂದ ಪಟ್ಟಿಯೊಳಗ 1000 ಸಿಸಿ ತನಕ ಇರೋ ಸ್ವಂತದ ಕಾರಿಗೆ ವರ್ಷಕ್ಕ 2,094 ರೂಪಾಯಿ, 1500 ಸಿಸಿ ತನಕ 3,416 ರೂಪಾಯಿ. 75ರಿಂದ 150 ಸಿಸಿ ತನಕದ ಸ್ಕೂಟರ್, ಬೈಕಿಗೆ 714 ರೂಪಾಯಿ. ಇದರ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ.

ನನ್ನ ತಕರಾರು ಇಲ್ಲೇ ಶುರು. ಸರಕಾರ ಎಂಜಿನ್ನಿನ ಸಿಸಿ ಅಳಿತದ, ಮನಿ ಗಳಿಕಿ ಅಳ್ಯಂಗಿಲ್ಲ. ಎಲೆಕ್ಟ್ರಿಕ್ ಗಾಡಿಗೆ 15 ಪರ್ಸೆಂಟ್ ರಿಯಾಯ್ತಿ ಅದ. ವಿಂಟೇಜ್ ಅಂತ ನೋಂದಣಿ ಆದ ಶೋಕಿ ಕಾರಿಗೆ ಅರ್ಧಾನ ಬಿಡ್ತಾರ. ಕಡಿಮಿ ಗಳಿಕಿಯವನ ಹಳೇ ಕಾರಿಗೆ ಒಂದ್ ರೂಪಾಯಿನೂ ಬಿಡಂಗಿಲ್ಲ. 2,094ರ ಮ್ಯಾಲೆ ಜಿಎಸ್‌ಟಿ ಅಂದ್ರ ಹತ್ರಹತ್ರ 377 ರೂಪಾಯಿ. ಸ್ವಂತದ ಆರೋಗ್ಯ ವಿಮಾ, ಜೀವ ವಿಮಾ ಮ್ಯಾಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನ್ಯಾಗ ತಗದು ಹಾಕಿದ್ರು. ಅವನ್ನ ಮಾಡಿಸಬೇಕೋ ಬ್ಯಾಡೋ ಅನ್ನೋದು ನಮ್ಮ ಕೈಯಾಗಿದ್ದದ್ದು. ಮಾಡಿಸಲೇಬೇಕು ಅಂತ ಕಾಯ್ದೆನ ಹೇಳೋ ಗಾಡಿ ವಿಮಾಕ್ಕ ಮಾತ್ರ ತೆರಿಗಿ ಉಳೀತು. ಇದ್ಯಾವ ನ್ಯಾಯರೀ?

ರೊಕ್ಕ ಹೊಂದಲಿಲ್ಲ ಅಂತ ವಿಮಾ ಬಿಟ್ರ ಏನಾಗ್ತದ? ಮೊದಲ ಸಲ ಸಿಕ್ಕರ 2,000 ದಂಡ, ಮತ್ತ ಸಿಕ್ಕರ 4,000, ಮೂರು ತಿಂಗಳ ತನಕ ಜೈಲೂ ಆಗಬಹುದು. ಅಪಘಾತ ಆತಂದ್ರ ಟ್ರಿಬ್ಯುನಲ್ ಹಾಕಿದ ಪರಿಹಾರ ಗಾಡಿ ಮಾಲಕನ ತುಂಬಬೇಕು. ತುಂಬದಿದ್ರ ಭೂಕಂದಾಯದ ಬಾಕಿ ವಸೂಲಿ ಮಾಡಿಧಂಗ ಮಾಡ್ತಾರ. ಅವನ ಹತ್ರ ಏನೂ ಇಲ್ಲದಿದ್ರ ಬಡಿಸಿಕೊಂಡವರಿಗೆ ಬರೇ ಕೋರ್ಟಿನ ಕಾಗದ ಉಳೀತದ. ಹಿಂಗ ಒಂದು ಪಾಲಿಸಿ ತಪ್ಪಿದ್ರ ಎರಡು ಮನಿ ಮುಳಗ್ತಾವ. ಅದಕ್ಕ ವಿಮಾ ಅಗ್ಗ ಮಾಡ್ರಿ ಅಂತ ಕೇಳೋದು ಡ್ರೈವರ್‌ಗೆ ದಾನ ಕೇಳಿಧಂಗಲ್ಲ, ರಸ್ತಾದಾಗ ನಡಕೋತ ಹೋಗೋ ನಮಗ ಕಾವಲು ಕೇಳಿಧಂಗ.

"ಇನ್ನೂ ಅಗ್ಗ ಮಾಡಿದ್ರ ಕಂಪನಿಗೋಳು ಮುಳಗ್ತಾವ" ಅಂತಾರ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಕಡಿಮಿ ವರಮಾನದ ಕಾರ್ ಮಾಲಕರಿಗಂತನ ಬ್ಯಾರೆ ಪಾಲಿಸಿ ಅದ. 1999ರಾಗ ಕಾಯ್ದೆ ಮಾಡಿ, ಮೊದಲು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋದಾಗ ನಡಸಿ ನೋಡಿ, ಆಮ್ಯಾಲೆ ಇಡೀ ರಾಜ್ಯಕ್ಕ ತಂದ್ರು. ಅಲ್ಲಿ ಮನಿ ವರಮಾನ ನೋಡಿ ಪಾಲಿಸಿ ಕೊಡ್ತಾರ. ಆದ್ರ ಅಲ್ಲಿ ದರ ಇಳಿಸಲಿಕ್ಕೆ ಪರಿಹಾರದ ಮಿತಿನೂ ಇಳಿಸ್ಯಾರ. ಅದು ನಮಗ ಬ್ಯಾಡ. ನಮ್ಮಲ್ಲಿ ಜೀವಕ್ಕ, ಗಾಯಕ್ಕ ಕೊಡೋ ಥರ್ಡ್ ಪಾರ್ಟಿ ಪರಿಹಾರಕ್ಕ ಮಿತಿ ಇಲ್ಲ, ಅದು ಹಂಗ ಇರಲಿ. ಕಡಿಮಿ ಗಳಿಕಿಯವರಿಗೆ ಜಿಎಸ್‌ಟಿ ಬಿಟ್ರ ಕಂಪನಿಗೆ ಬರೋ ಪ್ರೀಮಿಯಮ್ಮಿನ್ಯಾಗ ಒಂದ್ ಪೈಸಾನೂ ಖೋತಾ ಆಗಂಗಿಲ್ಲ. ಯಾರು ಕಡಿಮಿ ಗಳಿಕಿಯವರು ಅಂತ ಹೆಂಗ ತಿಳೀಬೇಕು? ಮಕ್ಕಳ ಸ್ಕಾಲರ್‌ಶಿಪ್ಪಿಗೆ ತಹಶೀಲ್ದಾರ ಆಫೀಸಿನ ಇನ್‌ಕಮ್ ಸರ್ಟಿಫಿಕೇಟ್ ಕೇಳ್ತಾರಲ್ಲ, ಅದನ್ನ ಇಲ್ಲೂ ಕೇಳಲಿ.

ಈಗ ನಮ್ಮ ಮಾತಿಗೆ ಬರ್ತೀನಿ. ಬರೇ ಥರ್ಡ್ ಪಾರ್ಟಿ ಇದ್ದ ಗಾಡಿ ಹಂಪ್ಸಿನ್ಯಾಗ ಜಿಗೀತು, ಹಿಂದ ಕೂತಾಕಿ ಬಿದ್ಲು, ತಲಿಗೆ ಪೆಟ್ಟಾತು ಅಂತ ಇಟ್ಕೋರಿ. ಆ ಪಾಲಿಸಿಯಿಂದ ಆಕಿಗೆ ಏನೂ ಬರಂಗಿಲ್ಲ. ಸ್ಕೂಟರ್ ಹಿಂದ ಪುಕ್ಕಟೆ ಕೂತವರು ಕಾಯ್ದೆ ಪಾಲಿಸಿಯೊಳಗ ಬರಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಾಗ ಹೇಳ್ತು. ಕಾರಿನ್ಯಾಗ ಕೂತವರಿಗೂ ಕಾಯ್ದೆ ಪಾಲಿಸಿ ಸಾಲಂಗಿಲ್ಲ, ಕಾಂಪ್ರಹೆನ್ಸಿವ್ ಪಾಲಿಸಿ ಇದ್ರ ಅವರು ಬರ್ತಾರ ಅಂತ 2012ರಾಗ ಹೇಳ್ತು. ಬ್ಯಾರೆ ಗಾಡಿ ಬಂದು ಬಡದ್ರ ಆ ಗಾಡಿ ವಿಮಾದಿಂದ ಕೇಳಬಹುದು, ಖರೇ. ತಾನ ಬಿದ್ರ ಕೇಳೋರಿಲ್ಲ. ಮಾಲಕ ತಾನ ಗಾಡಿ ಹೊಡೀತಿದ್ರ ಅವನಿಗೆ 15 ಲಕ್ಷದ ಅಪಘಾತ ವಿಮಾ ಅಂತ ಬ್ಯಾರೆ ಮಾಡ್ಯಾರ. ನಮ್ಮಲ್ಲಿ ಹಿಂದ ಕೂಡೋರು ಯಾರು? ಕೂಸು ತೊಡಿಮ್ಯಾಲೆ, ಚೀಲಾ ಕೈಯಾಗ, ಸೆರಗು ಸೊಂಟಕ್ಕ ಸಿಗಿಸಿಕೊಂಡು ಕೂಡೋರು ನಾವು. ಅಗ್ಗದ ಪಾಲಿಸಿಯೊಳಗ ರಸ್ತಾದಾಗ ಹೋಗೋ ಅಪರಿಚಿತರಿಗೆ ಜಾಗಾ ಅದ, ಮನಿ ಹೆಣಮಗಳಿಗೆ ಇಲ್ಲ.

ಅದಕ್ಕ ಸರಕಾರಕ್ಕ ಮೂರು ಮಾತು ಹೇಳಬೇಕು. ಕಡಿಮಿ ಗಳಿಕಿಯವರಿಗೆ ಥರ್ಡ್ ಪಾರ್ಟಿ ಮ್ಯಾಲಿನ ಜಿಎಸ್‌ಟಿ ತಗೀರಿ. ದರದ ಪಟ್ಟಿಯೊಳಗ ವಿಂಟೇಜ್ ಕಾರಿನ ಬಾಜೂಕ ಅವರಿಗೂ ಒಂದು ರಿಯಾಯ್ತಿ ಬರೀರಿ. ಹಿಂದ ಕೂತವರನ್ನ, ಕಾರಿನೊಳಗ ಕೂತವರನ್ನ ಕಾಯ್ದೆ ಪಾಲಿಸಿಯೊಳಗ ತರ್ರಿ. ನಿಮ್ಮ ಎಂಎಲ್‌ಎ, ಎಂಪಿ ಮತಾ ಕೇಳಲಿಕ್ಕೆ ಬಂದಾಗ ಇದನ್ನ ಕೇಳ್ರಿ.

ಅಲ್ಲಿ ತನಕ ನಮ್ಮ ಕೆಲಸ ನಾವು ಮಾಡೋಣು. ಇವತ್ತ ಮನಿಯೊಳಗಿನ ಪಾಲಿಸಿ ಕಾಗದ ತಗದು ನೋಡ್ರಿ. "ಲಯಬಿಲಿಟಿ ಓನ್ಲಿ" ಅಂತಿದ್ರ ಬರೇ ಥರ್ಡ್ ಪಾರ್ಟಿ ಅಂತ ತಿಳ್ಕೋರಿ. ರಿನ್ಯೂ ಮಾಡೋ ಮುಂದ ಹಿಂದ ಕೂತವರಿಗೂ ಕವರ್ ಸೇರಿಸಲಿಕ್ಕೆ ಎಷ್ಟಾಗ್ತದ ಅಂತ ಏಜೆಂಟಗ ನೀವ ಕೇಳ್ರಿ. ನಿಮ್ಮ ಹೆಸರಿನ ಬ್ಯಾಂಕ್ ಖಾತೆಯಿಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸ್ರಿ. 18ರಿಂದ 70 ವಯಸ್ಸಿನವರಿಗೆ ವರ್ಷಕ್ಕ 20 ರೂಪಾಯಿ, ಅಪಘಾತದಾಗ ಜೀವ ಹೋದ್ರ 2 ಲಕ್ಷ ಬರ್ತದ. 2 ಲಕ್ಷ ಸಾಲಂಗಿಲ್ಲ, ನನಗೂ ಗೊತ್ತದ. ಆದ್ರ 20 ರೂಪಾಯಿಗೆ ಇಷ್ಟು ಮಾಡಲಿಕ್ಕೆ ಬರೋ ಸರಕಾರಕ್ಕ, ಗಾಡಿ ಹಿಂದ ಕೂತಾಕೀನ್ನ ಲೆಕ್ಕಕ್ಕ ತೊಗೊಳ್ಳಿಕ್ಕೆ ಬರಂಗಿಲ್ಲ ಅಂದ್ರ ನಾ ನಂಬಂಗಿಲ್ಲ.